ಮಧುಮೇಹಿಗೆ ಸೋಂಕು ತಗಲಿದಾಗ ವ್ರತಾಚರಣೆ

ಷೋಡಶಕಾರಣ ಭಾವನೆಗಳಲ್ಲಿ ‘ಶಕ್ತಿತಸ್ತಪ’ ಎಂಬುದೂ ಒಂದು. ತನ್ನ ಶಕ್ತಿಯನ್ನು ಮರೆಮಾಚದೆಯೂ ಮೀರದೆಯೂ ತಪವನ್ನು ಆಚರಿಸಬೇಕೆಂಬುದು ಅದರ ತಾತ್ಪರ್ಯ. ಮಧುಮೇಹವುಳ್ಳ ಶ್ರಾವಕ ಶ್ರಾವಿಕೆಯರಿಗೆ ಕೊರೋನಾ ಸೋಂಕು ತಗಲಿದಾಗ ಆ ಶಕ್ತಿಯು ಎಷ್ಟು ಕುಗ್ಗುತ್ತದೆ, ಆಗ ವ್ರತವನ್ನು ನಡೆಸುವ ಬಗೆ ಯಾವುದು ಎಂಬುದೇ ಈ ಪಾಠದ ವಿಷಯ.

2020 ಮತ್ತು 2021ರಲ್ಲಿ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ತಾಲ್ಲೂಕುಗಳೂ ಈ ವ್ಯಾಧಿಯನ್ನು ಕಂಡವು. ಆಗ ದಾವಣಗೆರೆಯ ಚಿಗಟೇರಿ ಜಿಲ್ಲಾ ಆಸ್ಪತ್ರೆಯೇ ಅನೇಕರಿಗೆ ಆಸರೆಯಾಯಿತು. ವಿಶ್ವ ಆರೋಗ್ಯ ಸಂಸ್ಥೆಯು 2023ರ ಮೇ 5ರಂದು ಜಾಗತಿಕ ತುರ್ತುಸ್ಥಿತಿ ಮುಗಿಯಿತೆಂದು ಸಾರಿದರೂ ವೈರಾಣು ಅಳಿದಿಲ್ಲ. ಮಧುಮೇಹವಾದರೋ ಹೆಚ್ಚುತ್ತಲೇ ಇದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದು 2023ರಲ್ಲಿ ಪ್ರಕಟವಾದ ಅಧ್ಯಯನವೊಂದರ ಪ್ರಕಾರ ದೇಶದಲ್ಲಿ 10 ಕೋಟಿಗೂ ಮೇಲ್ಪಟ್ಟು ಮಧುಮೇಹಿಗಳಿದ್ದಾರೆ.

ಮಧುಮೇಹಿಗೆ ಸೋಂಕು ಅಂಟುವುದಕ್ಕಿಂತ, ಅಂಟಿದ ಮೇಲೆ ಅದು ಉಲ್ಬಣಿಸುವುದೇ ದೊಡ್ಡ ಭಯ. ಎರಡನೆಯ ಬಗೆಯ ಮಧುಮೇಹವುಳ್ಳವರು ಕೊರೋನಾದಿಂದ ಆಸ್ಪತ್ರೆಯಲ್ಲಿ ಮೃತರಾಗುವ ಸಂಭವವು ಇತರರಿಗಿಂತ ಸುಮಾರು ಎರಡರಷ್ಟೆಂದು 2020ರಲ್ಲಿ ಇಂಗ್ಲೆಂಡಿನ ಅಧ್ಯಯನವು ತೋರಿಸಿತು. ಕಾರಣಗಳು ಹೀಗಿವೆ. ರಕ್ತದಲ್ಲಿ ಸಕ್ಕರೆ ಏರಿದಾಗ ರೋಗಾಣುಗಳೊಡನೆ ಹೋರಾಡುವ ಬಿಳಿಯ ರಕ್ತಕಣಗಳ ಸಾಮರ್ಥ್ಯ ತಗ್ಗುತ್ತದೆ. ರಕ್ತನಾಳಗಳ ಒಳಪದರವು ಮೊದಲೇ ದುರ್ಬಲವಾಗಿರುವುದರಿಂದ ರಕ್ತ ಹೆಪ್ಪುಗಟ್ಟುವುದು ಸುಲಭ. ಸೋಂಕಿನ ಒತ್ತಡಕ್ಕೆ ಕಾರ್ಟಿಸಾಲ್ ಮೊದಲಾದ ಹಾರ್ಮೋನುಗಳು ಸ್ರವಿಸಿ, ಯಕೃತ್ತು ತಾನೇ ಸಕ್ಕರೆಯನ್ನು ಹೊರಬಿಡುತ್ತದೆ. ಪ್ರಾಣ ಉಳಿಸಲು ಕೊಡುವ ಸ್ಟೆರಾಯ್ಡ್ ಔಷಧವೂ ಸಕ್ಕರೆಯನ್ನು ಏರಿಸುತ್ತದೆ. 2021ರ ಎರಡನೆಯ ಅಲೆಯಲ್ಲಿ ಕಪ್ಪು ಶಿಲೀಂಧ್ರ ರೋಗವು ಹೆಚ್ಚಾಗಿ ಮಧುಮೇಹಿಗಳನ್ನೇ ಕಾಡಿದುದು ಇಂತಹ ಕಾರಣಗಳಿಂದ.

ಇದರಿಂದ ಒಂದು ತಪ್ಪು ತಿಳಿವಳಿಕೆ ನಿವಾರಣೆಯಾಗಬೇಕು. ‘ಇಂದು ಉಪವಾಸ, ಆದುದರಿಂದ ಇನ್ಸುಲಿನ್ ಬೇಡ’ ಎನ್ನುವುದು ಸರಿಯಲ್ಲ. ಜ್ವರವಿದ್ದಾಗ ಅನ್ನವನ್ನು ಮುಟ್ಟದಿದ್ದರೂ ಸಕ್ಕರೆ ಏರಬಲ್ಲದು. ಇನ್ಸುಲಿನ್ ನಿಂತರೆ ರಕ್ತವು ಆಮ್ಲವಾಗಿ ಪ್ರಾಣಾಪಾಯವಾದೀತು. ಇದಕ್ಕೆ ವಿರುದ್ಧವಾಗಿ, ಗ್ಲಿಮಿಪಿರೈಡ್‌ನಂತಹ ಮಾತ್ರೆ ನುಂಗಿ ಅನಶನವಿದ್ದರೆ ಸಕ್ಕರೆ ಅಪಾಯಕರವಾಗಿ ಇಳಿಯುತ್ತದೆ. ಡಪಾಗ್ಲಿಫ್ಲೊಜಿನ್ ಬಗೆಯ ಮಾತ್ರೆಗಳನ್ನಾದರೋ ಇಂತಹ ದಿನಗಳಲ್ಲಿ ವೈದ್ಯರು ನಿಲ್ಲಿಸಲು ಹೇಳುವುದುಂಟು. ಆದುದರಿಂದ ಮಾತ್ರೆಯನ್ನು ಬಿಡುವುದೂ ಮುಂದುವರಿಸುವುದೂ ವೈದ್ಯರ ಮಾತಿನಂತೆಯೇ ನಡೆಯಬೇಕು.

ಹಾಗಾದರೆ ಸೋಂಕಿನ ದಿನಗಳಲ್ಲಿ ತಪವಿಲ್ಲವೇ? ಉಂಟು. ಬಾಹ್ಯ ತಪಗಳು ಆರು. ಅನಶನವು ಅವುಗಳಲ್ಲಿ ಒಂದು ಮಾತ್ರ. ನೀರನ್ನೂ ತ್ಯಜಿಸುವ ಉಪವಾಸವು ಈ ದಿನಗಳಲ್ಲಿ ಮಧುಮೇಹಿಗೆ ಸಲ್ಲದು. ಬೆಲ್ಲ, ಸಕ್ಕರೆ, ತುಪ್ಪಗಳಲ್ಲಿ ಕೆಲವನ್ನು ಬಿಡುವ ರಸಪರಿತ್ಯಾಗವು ಸಲ್ಲುತ್ತದೆ. ಬೇರೆ ಕೋಣೆಯಲ್ಲಿ ಏಕಾಂತವಾಗಿರುವ ವಿವಿಕ್ತಶಯ್ಯಾಸನವು ಮನೆಮಂದಿಯನ್ನು ಸೋಂಕಿನಿಂದ ಕಾಯುವುದರಿಂದ ಅಹಿಂಸೆಯೂ ಆಗುತ್ತದೆ. ಸ್ವಾಧ್ಯಾಯ, ಧ್ಯಾನಗಳೆಂಬ ಅಂತರಂಗ ತಪಗಳಿಗೆ ಹಾಸಿಗೆಯೂ ಅಡ್ಡಿಯಲ್ಲ.

ರಾತ್ರಿಭೋಜನ ತ್ಯಾಗಿಗಳಿಗೆ ಒಂದು ಮಾತು. ರಾತ್ರಿಯಲ್ಲಿ ಬೆವರು, ನಡುಕ, ಮಂಕು ಕವಿದರೆ ಸಕ್ಕರೆ ಪರೀಕ್ಷಿಸಿ, 70 ಮಿಲಿಗ್ರಾಂಗಿಂತ ಕಡಿಮೆಯಿದ್ದಲ್ಲಿ ಮೂರು ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕೊಡತಕ್ಕದ್ದು. ಪ್ರಜ್ಞೆ ತಪ್ಪಿದವರ ಬಾಯಿಗೆ ಏನನ್ನೂ ಹಾಕದೆ ಆಸ್ಪತ್ರೆಗೆ ಒಯ್ಯಬೇಕು. ವ್ರತಕ್ಕೆ ಬಂದ ಲೋಪಕ್ಕೆ ಗುರುಗಳಲ್ಲಿ ಪ್ರಾಯಶ್ಚಿತ್ತವುಂಟು. ಹೋದ ಜೀವಕ್ಕೆ ಪ್ರತಿಕ್ರಿಯೆಯಿಲ್ಲ.

ಇಲ್ಲಿ ಸಲ್ಲೇಖನದ ಹೆಸರನ್ನು ಎತ್ತುವುದು ಯುಕ್ತವಲ್ಲ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಅದನ್ನು ಹೇಳಿರುವುದು ಪ್ರತೀಕಾರವಿಲ್ಲದ ಉಪಸರ್ಗ, ದುರ್ಭಿಕ್ಷ, ಮುಪ್ಪು, ರೋಗಗಳ ಸಂದರ್ಭಕ್ಕೆ. ಮಧುಮೇಹಿಗೆ ಬಂದ ಸೋಂಕಿಗೆ ಚಿಕಿತ್ಸೆಯೆಂಬ ಪ್ರತೀಕಾರವಿದೆ. ಅದೇ ಗ್ರಂಥವು ಕಾಲಮಿತಿಯ ತ್ಯಾಗವನ್ನು ನಿಯಮವೆಂದೂ, ಜೀವಾವಧಿಯ ತ್ಯಾಗವನ್ನು ಯಮವೆಂದೂ ವಿಂಗಡಿಸಿದೆ. ಮಧುಮೇಹಿಯು ಉಪವಾಸವನ್ನು ನಿಯಮರೂಪದಲ್ಲಿ, ಆರೋಗ್ಯದ ಮಿತಿಯನ್ನು ಮೊದಲೇ ಹೇಳಿ ಸ್ವೀಕರಿಸುವುದು ವಿವೇಕ.

ಆದುದರಿಂದ ದಶಲಕ್ಷಣ ಪರ್ವಕ್ಕೆ ಮುನ್ನವೇ ಪ್ರತಿಯೊಂದು ಮನೆಯವರೂ ವೈದ್ಯರನ್ನು ಕಂಡು ಔಷಧಕ್ರಮವನ್ನು ಬರೆಯಿಸಿಕೊಳ್ಳಲಿ. ಜ್ವರ, ಕೆಮ್ಮು ಕಂಡ ದಿನವೇ ಪರೀಕ್ಷೆಯಾಗಲಿ. ಸಕ್ಕರೆಯು 300ನ್ನು ದಾಟಿದರೆ, ಆಮ್ಲಜನಕವು ಶೇಕಡಾ 94ಕ್ಕಿಂತ ಇಳಿದರೆ, ವಾಂತಿಯಾಗುತ್ತಿದ್ದರೆ ಪಾರಣೆಯ ಮುಹೂರ್ತಕ್ಕೆ ಕಾಯದೆ ಆಸ್ಪತ್ರೆಗೆ ಹೊರಡಬೇಕು. ಜಗಳೂರಿನಂತಹ ಊರುಗಳಿಂದ ದಾವಣಗೆರೆ ದೂರವಿರುವುದರಿಂದ ತಡವೇ ಶತ್ರು. ಗುಣಹೊಂದಿದ ಮೇಲೆ ಬಿಟ್ಟುಹೋದ ಉಪವಾಸವನ್ನು ಮುಂದಿನ ಅಷ್ಟಮಿ ಚತುರ್ದಶಿಗಳಲ್ಲಿ, ವೈದ್ಯರ ಒಪ್ಪಿಗೆಯಿದ್ದರೆ, ಶಕ್ತಿಯಿದ್ದಷ್ಟು ಆಚರಿಸಬಹುದು. ರತ್ನತ್ರಯ ಸಾಧನೆಗೆ ಉಪಕರಣವಾದ ಈ ದೇಹವನ್ನು ಕಾಯುವುದೂ ಶ್ರಾವಕನ ಕರ್ತವ್ಯವೇ ಆಗಿದೆ.