ಹಲ್ಲು ಬದಲಾಗುವ ನಾಯಿಮರಿ ಊಟ ಬಿಟ್ಟರೆ

ಹೊಲ ಕಾಯಲಿಕ್ಕೆ ಸಾಕಿದ ಮರಿಗೆ 3–4 ತಿಂಗಳಿಗೆ ಹಾಲುಹಲ್ಲು ಉದುರಲು ಶುರು. ಆ 28 ಹಲ್ಲು ಹೋಗಿ, 6–7 ತಿಂಗಳೊಳಗೆ 42 ಗಟ್ಟಿ ಹಲ್ಲು ಬರುತ್ತವೆ. ಈ ಟೈಮಲ್ಲಿ ಒಸಡು ನೋಯುವುದರಿಂದ ಮರಿ ತಟ್ಟೆ ಮೂಸಿ ಹಿಂದೆ ಸರಿಯುತ್ತದೆ, ಚಪ್ಪಲಿ ಕಚ್ಚುತ್ತದೆ.

ಆಗ ಗಟ್ಟಿ ಮುದ್ದೆ ಹಾಕಬೇಡಿ. ಮಜ್ಜಿಗೆಯಲ್ಲಿ ಕಿವುಚಿ, ಸ್ವಲ್ಪ ಸ್ವಲ್ಪ, ದಿನಕ್ಕೆ ನಾಲ್ಕು ಸಲ ಕೊಡಿ. ಈರುಳ್ಳಿ ಬಿದ್ದ ಸಾರು ಬೇಡ, ನಾಯಿಯ ರಕ್ತಕ್ಕೆ ಕೇಡು. ದಪ್ಪ ಬಟ್ಟೆಗೆ ಗಂಟು ಹಾಕಿ, ಗಡಿಗೆ ನೀರಲ್ಲಿ ಅದ್ದಿ ಕಚ್ಚಲು ಕೊಟ್ಟರೆ ಒಸಡಿಗೆ ತಂಪು. ಬೇಯಿಸಿದ ಕೋಳಿಮೂಳೆ ಸೀಳಿ ಗಂಟಲಿಗೆ ಚುಚ್ಚೀತು. ನಾವು ನುಂಗುವ ನೋವಿನ ಮಾತ್ರೆ ಕೊಡಲೇಬಾರದು, ಮರಿ ಸತ್ತೀತು.

ಹಲ್ಲಿನ ನೋವಿಗೆ ಮರಿ ಊಟ ಕಮ್ಮಿ ಮಾಡುತ್ತೆ, ಪೂರಾ ಬಿಡಲ್ಲ. ದಿನವಿಡೀ ಏನೂ ಮುಟ್ಟದಿದ್ದರೆ, ವಾಂತಿಯಾದರೆ, ಭೇದಿಯಲ್ಲಿ ರಕ್ತ ಕಂಡರೆ ಪಾರ್ವೋ ರೋಗ ಇದ್ದೀತು. ಹಲ್ಲಿನದೇ ಇರಬೇಕು ಅಂತ ಕಾಯದೆ ಅವತ್ತೇ ಪಶು ಆಸ್ಪತ್ರೆಗೆ ಒಯ್ಯಿರಿ.