ಪೊರೆಯಲ್ಲಿ ಸೋಸಿದ ನೀರು

ಪಾವಗಡ ಸೀಮೆಯ ಕ್ಯಾತಗಾನಚೆರ್ಲು ಕಡೆಯ ಹುಡುಗಿಯರಲ್ಲಿ ಬಾಯಿಗೆ ಕೈ ಅಡ್ಡ ಹಿಡಿದು ನಗುವವರನ್ನು ಕಂಡಿದ್ದೇನೆ. ಹಲ್ಲಿನ ಮೇಲಿನ ಕಂದು ಕಲೆಯೇ ಅದಕ್ಕೆ ಕಾರಣವು. ಅದು ಹಲ್ಲುಜ್ಜದ ಸೋಮಾರಿತನದಿಂದ ಬಂದದ್ದಲ್ಲ. ಕಲ್ಲಿನಿಂದ ಕರಗಿ ಕೊಳವೆಬಾವಿಯ ನೀರಿಗೆ ಸೇರುವ ಫ್ಲೋರೈಡಿನಿಂದ ಬಂದದ್ದು. ಲೀಟರಿಗೆ 1.5 ಮಿಲಿಗ್ರಾಂ ಮೀರಿದ ನೀರನ್ನು ಎಳೆತನದಲ್ಲಿ ವರ್ಷಗಟ್ಟಲೆ ಕುಡಿದರೆ ಹಲ್ಲು ಕೆಡುವದು. ಇನ್ನೂ ಹೆಚ್ಚಾದರೆ ಎಲುಬು ಸೆಟೆಯುವದು. ನೀರನ್ನು ಕಾಯಿಸಿಯೇ ಕೊಡುತ್ತೇವೆಂದು ತಾಯಂದಿರು ಹೇಳುವದುಂಟು. ಕಾಯಿಸಿದರೆ ಕ್ರಿಮಿಗಳು ಸಾಯುವದು ನಿಜವೇ. ಆದರೆ ಫ್ಲೋರೈಡು ಆವಿಯಾಗಿ ಹೋಗದೆ, ನೀರು ಬತ್ತಿದಷ್ಟೂ ಗಟ್ಟಿಯಾಗುವದು.

ಬಟ್ಟೆಯಾಗಲಿ ಮರಳಾಗಲಿ ಕರಗಿದ ಲವಣವನ್ನು ತಡೆಯಲಾರದು. ಆದಕಾರಣ ಗ್ರಾಮಗಳ ಶುದ್ಧ ನೀರಿನ ಘಟಕಗಳಲ್ಲಿ ಪಾಲಿಮರಿನ ಪೊರೆಯ ಮೂಲಕ ನೀರನ್ನು ಒತ್ತಿ ದಾಟಿಸುವರು. ಈ ಪೊರೆಯ ವೃತ್ತಾಂತವು ಕೇಳತಕ್ಕದ್ದಾಗಿದೆ. ಸೆಲ್ಯುಲೋಸ್ ಅಸಿಟೇಟಿನ ಪೊರೆಯು ಉಪ್ಪನ್ನು ತಡೆಯುವದೆಂದು 1950ರ ದಶಕದಲ್ಲಿಯೇ ಅಮೇರಿಕದಲ್ಲಿ ಗೊತ್ತಾಗಿತ್ತು. ಆದರೆ ನೀರು ಬಹಳ ನಿಧಾನವಾಗಿ ಇಳಿಯುತ್ತಿತ್ತು. 1960ರ ಹೊತ್ತಿಗೆ ಕ್ಯಾಲಿಫೋರ್ನಿಯದಲ್ಲಿ ಸಿಡ್ನಿ ಲೋಬರೂ ಭಾರತದಲ್ಲಿ ಹುಟ್ಟಿದ ಶ್ರೀನಿವಾಸ ಸೌರಿರಾಜನ್ನರೂ ಆ ಪಾಲಿಮರನ್ನು ಅಸಿಟೋನಿನಲ್ಲಿ ಕರಗಿಸಿ, ಸ್ವಲ್ಪ ನೀರನ್ನೂ ಮೆಗ್ನೀಸಿಯಂ ಪರ್ಕ್ಲೋರೇಟೆಂಬ ಲವಣವನ್ನೂ ಬೆರಸಿ, ತೆಳ್ಳಗೆ ಹರಡಿ, ತಣ್ಣೀರಿನಲ್ಲಿ ಮುಳುಗಿಸಿ, ಬಳಿಕ ಬಿಸಿನೀರಿನಲ್ಲಿ ಹದಮಾಡಿದರು. ಬೆರಸಿದ ಲವಣವು ತೊಳೆದುಹೋಗಿ, ಮೇಲ್ಗಡೆ ಬಿಗಿಯಾದ ಸೂಕ್ಷ್ಮ ಚರ್ಮವೂ ಕೆಳಗೆ ರಂಧ್ರಮಯವಾದ ಭಾಗವೂ ಉಳಿದವು. ಇಡ್ಲಿಯನ್ನು ಮುರಿದು ನೋಡಿದವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ನೀರು ಹಲವು ಪಟ್ಟು ಬೇಗ ಇಳಿಯಿತು.

ಈಗಿನ ಪೊರೆಗಳಲ್ಲಿ ಪಾಲಿಸಲ್ಫೋನಿನ ಆಧಾರದ ಮೇಲೆ ಪಾಲಿಅಮೈಡಿನ ಚರ್ಮವಿರುವದು. ಪಾಲಿಸಲ್ಫೋನು ನೀರಿಗೆ ಒಗ್ಗುವಂಥದ್ದಲ್ಲ. ಪಾಲಿವಿನೈಲ್ ಪಿರೊಲಿಡೋನನ್ನು ಅದಕ್ಕೆ ಬೆರಸಿದರೆ ಬಹುಭಾಗವು ತೊಳೆದುಹೋಗಿ ರಂಧ್ರಗಳನ್ನು ಬಿಡುವದು. ಉಳಿದ ಭಾಗವು ನೀರನ್ನು ಬರಮಾಡಿಕೊಳ್ಳುವದು. ಹದ ತಪ್ಪಿದರೆ ದ್ರಾವಣವು ಮಂದವಾಗಿ ಕೆಲಸ ಕೆಡುವದು. ಸುರತ್ಕಲ್ಲಿನ ರಾಷ್ಟ್ರೀಯ ತಂತ್ರಜ್ಞಾನ ಸಂಸ್ಥೆಯಲ್ಲಿಯೂ ಇಂಥ ಬೆರಕೆಗಳ ಶೋಧನೆ ನಡೆದಿದೆ.

ಪಾಲಿಅಮೈಡಿಗೆ ಕ್ಲೋರಿನ್ ಶತ್ರು. ಬ್ಲೀಚಿಂಗ್ ಪುಡಿ ಹಾಕಿದ ನೀರನ್ನು ಇದ್ದಲಿನ ಸೋಸುಕದಲ್ಲಿ ದಾಟಿಸದೆ ಪೊರೆಗೆ ಬಿಡುತ್ತಿದ್ದರೆ ಅದರ ಚರ್ಮವು ಕೆಟ್ಟು, ಕಣ್ಣಿಗೆ ತಿಳಿಯಾಗಿ ಕಾಣುವ ನೀರಿನಲ್ಲಿಯೇ ಫ್ಲೋರೈಡು ಇಳಿದುಬರುವದು. ನಾಣ್ಯ ಹಾಕಿ ಕೊಡ ತುಂಬಿಸುವ ನಮ್ಮ ಹಳೆಯ ವಿದ್ಯಾರ್ಥಿನಿಯರು, ಫ್ಲೋರೈಡನ್ನು ಕಡೆಯದಾಗಿ ಅಳೆದದ್ದು ಯಾವಾಗಲೆಂದು ಅಲ್ಲಿಯವರನ್ನು ಕೇಳಬೇಕೆಂದು ನನ್ನ ಬಿನ್ನಹ. ಪೊರೆಯು ತಡೆದ ಲವಣವು ಹೊರಗೆ ಬಿಡುವ ನೀರಿನಲ್ಲಿರುವದು. ಅದನ್ನು ದನದ ತೊಟ್ಟಿಗೆ ಹರಿಸಬಾರದು. ದನಗಳ ಹಲ್ಲೂ ಎಲುಬೂ ಅದರಿಂದ ಹಾಗೆಯೇ ಕೆಡುವವು.