ಮಾರ್ಕ್ಸ್‌ವಾದ: ವರ್ಗ ಅಸಮಾನತೆಯ ಆರ್ಥಿಕ ಮೂಲ

• ಕೃತಿಗಳು: ಕಮ್ಯುನಿಸ್ಟ್ ಪ್ರಣಾಳಿಕೆ (1848, ಮಾರ್ಕ್ಸ್–ಏಂಗೆಲ್ಸ್), ದಾಸ್ ಕ್ಯಾಪಿಟಲ್, ಸಂಪುಟ 1 (1867).

• ತಿರುಳು: ವರ್ಗವನ್ನು ನಿರ್ಧರಿಸುವುದು ಆದಾಯದ ಮೊತ್ತವಲ್ಲ, ಉತ್ಪಾದನಾ ಸಾಧನಗಳ ಒಡೆತನ.

• ಹೆಚ್ಚುವರಿ ಮೌಲ್ಯ: ಕಾರ್ಮಿಕ ತನ್ನ ಕೂಲಿಗಿಂತ ಹೆಚ್ಚಾಗಿ ಸೃಷ್ಟಿಸುವ ಮೌಲ್ಯ; ಇದು ಮಾಲೀಕನ ಪಾಲಾಗುತ್ತದೆ.

• ನಿದರ್ಶನ: ಬಾಗಲಕೋಟೆ ಜಿಲ್ಲೆಯ ರಬಕವಿ-ಬನಹಟ್ಟಿ ಸೀರೆ ನೇಕಾರಿಕೆಗೆ ಹೆಸರುವಾಸಿ. ಮಾಲೀಕರಿಂದ ನೂಲು ಪಡೆದು ನೇಯುವವರಿಗೆ ಸೀರೆಯ ಲೆಕ್ಕದಲ್ಲಿ ಮಜೂರಿ. ಮಾರಾಟದ ಲಾಭ ಮಾಲೀಕರದು. ಮಗ್ಗ ಸ್ವಂತದ್ದಾದರೂ ನೂಲು, ಮಾರುಕಟ್ಟೆ ನೇಕಾರರ ಕೈಯಲ್ಲಿಲ್ಲ.

• ಭೂಮಿ: ಭೂಮಿಯೂ ಉತ್ಪಾದನಾ ಸಾಧನವೇ. ಕರ್ನಾಟಕದಲ್ಲಿ ಗೇಣಿ ಜಮೀನು ಸರ್ಕಾರಕ್ಕೆ ನಿಹಿತವಾದದ್ದು 1-3-1974ರಿಂದ.

• ನೆನಪಿಡಿ: ಮ್ಯಾಕ್ಸ್ ವೇಬರ್ ವರ್ಗದ ಜೊತೆಗೆ ಅಂತಸ್ತು, ಪಕ್ಷಗಳನ್ನೂ ಅಸಮಾನತೆಯ ಆಯಾಮಗಳೆಂದರು.